ಕುಂಚಿಗೆಯ ಅಳತೆ

ಓದುಗ ಬಂಧುಗಳಿಗೆ ನಮಸ್ಕಾರ.

ತಂಗಿಯ ಹೆಣ್ಣುಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ದಿನ ನನಗೆ ದಾವಣಗೆರೆಗೆ ಹೋಗಲು ಆಗಲಿಲ್ಲ. ಸೋದರಮಾವನ ಕಡೆಯಿಂದ ಏನೂ ಬರದಿದ್ದರೆ ಹೇಗೆ ಎಂದು, ಮಗುವಿನ ಹೆಸರನ್ನು ಕನ್ನಡದಲ್ಲಿ ಅಚ್ಚು ಹಾಕಿಸಿದ ಮೆತ್ತನೆಯ ಹೊದಿಕೆಯೊಂದನ್ನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕೊಂಡು ಊರಿಗೆ ಕಳುಹಿಸಿದೆ. ಮಗುವಿನ ಹೆಸರಿನಲ್ಲಿ ‘ಜ್ಞ’ ಅಕ್ಷರವಿದೆ. ಊರಿಗೆ ತಲುಪಿದ ಹೊದಿಕೆಯ ಮೇಲೆ ಜಕಾರದ ಕೆಳಗೆ ಕೂರಬೇಕಾದ ಒತ್ತು ಕೂರದೆ, ‘ಜ್‌’ ಬೇರೆ, ‘ಞ’ ಬೇರೆಯಾಗಿ ಅಕ್ಕಪಕ್ಕ ನಿಂತಿದ್ದವು. ಒತ್ತಕ್ಷರಗಳನ್ನು ಜೋಡಿಸಲು ಬಾರದ ತಂತ್ರಾಂಶದೊಳಗೆ ಕನ್ನಡವನ್ನು ತಂದು ಹಾಕಿದಾಗ ಹೀಗಾಗುತ್ತದೆ. ಅಂಗಡಿಯವರಿಗೆ ಬರೆದರೆ, ನೀವು ಕೊಟ್ಟ ಅಕ್ಷರಗಳೆಲ್ಲವೂ ಇವೆಯಲ್ಲ ಎಂಬ ಉತ್ತರ ಬಂತು. ಅಕ್ಷರಗಳೆಲ್ಲವೂ ಇದ್ದವು, ಮಗುವಿನ ಹೆಸರು ಮಾತ್ರ ಇರಲಿಲ್ಲ.

ತಂಗಿ ನೊಂದುಕೊಳ್ಳಲಿಲ್ಲ. ಆದರೆ ಫೋನಿನಲ್ಲಿ ಆ ಚಿತ್ರವನ್ನು ನೋಡಿದ ನನಗೆ ಬಹಳ ದಿನ ಸಮಾಧಾನವಿರಲಿಲ್ಲ. ಹೆಸರು ಹಾಕಿಸಿದ ಮಾತ್ರಕ್ಕೆ ಒಂದು ವಸ್ತು ಆ ಮಗುವಿನದಾಗುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದ ಮನಸ್ಸಿನಲ್ಲಿ ಕೂತಿತು. ಕಳೆದ ಡಿಸೆಂಬರಿನಲ್ಲಿ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಊರಿಗೆ ಹೋದಾಗ, ಚೌಕಿಪೇಟೆಯ ಹಿಂದಿನ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕೂತು ದೊಡ್ಡವ್ವನ ಕೈಕೆಳಗೆ ಮೂರು ವಾರ ಸೂಜಿ ಹಿಡಿದೆ. ಈ ಸಂಚಿಕೆಯ ಸಂಪಾದಕೀಯ ಅಲ್ಲಿ ಕಲಿತದ್ದರ ಬಗ್ಗೆಯೇ.

ಮೊದಲು ಹೊಲಿದದ್ದು ಕುಂಚಿಗೆ. ನಮ್ಮ ಓದುಗರಲ್ಲಿ ಹಲವರಿಗೆ, ಅದರಲ್ಲೂ ಬೆಂಗಳೂರು, ಮೈಸೂರಿನ ಕಡೆಯವರಿಗೆ, ಈ ಪದ ಹೊಸದಿರಬಹುದು. ಕೂಸಿನ ತಲೆ, ಕಿವಿಗಳನ್ನು ಮುಚ್ಚಿ ಬೆನ್ನಿನವರೆಗೆ ಇಳಿಬೀಳುವ, ಗಲ್ಲದ ಕೆಳಗೆ ಲಾಡಿ ಕಟ್ಟುವ ಉಡುಪು ಅದು. ತಲೆಗಷ್ಟೇ ಹಾಕುವುದು ಕುಲಾವಿ, ಬೆನ್ನಿಗೂ ಇಳಿಯುವುದು ಕುಂಚಿಗೆ. ಕುಪ್ಪಸಕ್ಕೆಂದು ನೇಯುವ ಖಣದ ಬಟ್ಟೆಯ ತುಂಡುಗಳನ್ನು ತ್ರಿಕೋನವಾಗಿ ಕತ್ತರಿಸಿ ಬಣ್ಣಕ್ಕೆ ಬಣ್ಣ ಸೇರಿಸಿ, ಅಂಚಿಗೆ ಜರಿಪಟ್ಟಿ ಕೊಟ್ಟು, ತುದಿಗೆ ಗೊಂಡೆ ಕಟ್ಟುವುದು ವಾಡಿಕೆ. ದೊಡ್ಡವ್ವ ಹೊರಗಿನ ಅಂಚಿಗೆ ಆರಿಸಿಕೊಂಡದ್ದು ತಂಗಿಯ ಮದುವೆಯ ಮೊಳಕಾಲ್ಮುರು ಸೀರೆಯ ಕುಪ್ಪಸದಲ್ಲಿ ಉಳಿದಿದ್ದ ಒಂದು ಗೇಣು ರೇಷ್ಮೆಯನ್ನು. ಮೊಳಕಾಲ್ಮುರು ಚಿತ್ರದುರ್ಗ ಜಿಲ್ಲೆಯ ಊರು, ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ತಂಗಿಯನ್ನು ಕೊಟ್ಟಿರುವುದು ದುರ್ಗಕ್ಕೆ. ಹೊರಗೆ ಅಪ್ಪನ ಊರಿನ ಕಡೆಯ ರೇಷ್ಮೆ, ಒಳಗೆ ಅವ್ವನ ತವರಿನ ಹತ್ತಿ ಎಂದು ದೊಡ್ಡವ್ವ ಮೊದಲೇ ತೀರ್ಮಾನಿಸಿದ್ದರು.

ಅಳತೆ ತೆಗೆದದ್ದು ನಾನು. ಟೇಪನ್ನು ಹುಬ್ಬಿನ ಮೇಲಿನಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ ನೋಡಿದೆ, ನಲವತ್ಮೂರು ಸೆಂಟಿಮೀಟರ್ ಬಂತು. ಅಷ್ಟಕ್ಕೇ ಗುರುತು ಹಾಕಿ ಕತ್ತರಿ ಎತ್ತಿದಾಗ ದೊಡ್ಡವ್ವ ಕೈ ಹಿಡಿದು ನಿಲ್ಲಿಸಿದರು.

“ತಮ್ಮಾ, ಇವತ್ತಿನ ತಲಿಗೆ ಹೊಲಿಬ್ಯಾಡ. ಬರೋ ವರ್ಷದ ಚಳಿಗೆ ಹೊಲಿ. ಒಳಗ ಎರಡು ಬೆರಳು ಬಟ್ಟಿ ಬಿಡು, ಆಮ್ಯಾಲೆ ಬಿಚ್ಚಿಕೊಂಡರಾತು.”

ಅವರ ಮಾತು ಲೆಕ್ಕಕ್ಕೂ ಸರಿಹೊಂದುತ್ತದೆ. ಹುಟ್ಟಿದಾಗ ಸುಮಾರು ಮೂವತ್ತೈದು ಸೆಂಟಿಮೀಟರ್ ಇರುವ ಕೂಸಿನ ತಲೆಯ ಸುತ್ತಳತೆ ಆರು ತಿಂಗಳಿಗೆ ನಲವತ್ಮೂರರ ಆಸುಪಾಸಿಗೆ, ವರ್ಷ ತುಂಬುವ ಹೊತ್ತಿಗೆ ನಲವತ್ತಾರರ ಆಸುಪಾಸಿಗೆ ಬರುತ್ತದೆ. ಮೊದಲ ಆರು ತಿಂಗಳಲ್ಲಿ ಇರುವ ವೇಗ ಆಮೇಲೆ ಇರುವುದಿಲ್ಲ. ಹಾಗಾಗಿ ಎಳೆಗೂಸಿಗೆ ಇದ್ದಷ್ಟೇ ಅಳತೆಗೆ ಹೊಲಿದ ಕುಲಾವಿ ಒಂದೆರಡು ತಿಂಗಳಿಗೇ ಬಿಗಿಯಾಗುತ್ತದೆ, ಆರು ತಿಂಗಳಿಗೆ ಎರಡು ಬೆರಳು ಒಳಬಟ್ಟೆ ಬಿಟ್ಟು ಹೊಲಿದ ಕುಂಚಿಗೆ ಇನ್ನೊಂದು ಚಳಿಗಾಲಕ್ಕೂ ಆಗುತ್ತದೆ. ಅಂಗಡಿಯಲ್ಲಿ ‘ಆರರಿಂದ ಹನ್ನೆರಡು ತಿಂಗಳು’ ಎಂಬ ಚೀಟಿ ನೋಡಿ ಕೊಳ್ಳುವಾಗ ಈ ಯೋಚನೆಯನ್ನು ನಮ್ಮ ಪರವಾಗಿ ಬೇರೆ ಯಾರೋ ಮಾಡಿಬಿಟ್ಟಿರುತ್ತಾರೆ. ಕೈಯಿಂದ ಮಾಡುವಾಗ ಮಗು ಮುಂದಿನ ವರ್ಷ ಹೇಗಿರುತ್ತದೆ ಎಂದು ನಾವೇ ಕೂತು ಯೋಚಿಸಬೇಕಾಗುತ್ತದೆ. ಆ ಮಗುವಿಗೇ ಎಂದು ಮಾಡಿದ ಉಡುಗೊರೆಯ ನಿಜವಾದ ಗುರುತು ಈ ಯೋಚನೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಹೆಸರು ಬರೆಯುವುದು ಅದರ ನಂತರದ ಕೆಲಸ.

ಕುಂಚಿಗೆ ಮೂರು ದಿನದಲ್ಲಿ ಮುಗಿಯಿತು. ಉಳಿದ ದಿನಗಳನ್ನೆಲ್ಲ ಕೌದಿ, ಎಂದರೆ ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿಯುವ ಹೊದಿಕೆ, ತೆಗೆದುಕೊಂಡಿತು.

ದಾವಣಗೆರೆ ಹತ್ತಿಯ ಊರು. 1930ರ ದಶಕದಿಂದ ಒಂದರ ಹಿಂದೊಂದು ಎದ್ದ ಕಾಟನ್ ಮಿಲ್ಲುಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ಊರು. ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಮನೆಗಳಲ್ಲಿ ನಮ್ಮದೂ ಒಂದು. ಅಂತಹ ಮನೆಗಳಲ್ಲಿ ಹತ್ತಿ ಬಟ್ಟೆಯನ್ನು ಹರಿದುಹೋಯಿತೆಂದು ಎಸೆಯುವ ಮಾತೇ ಇರಲಿಲ್ಲ. ಸೀರೆ ಹಳತಾದರೆ ಕೌದಿ, ಕೌದಿ ಹಳತಾದರೆ ತೊಟ್ಟಿಲಿನ ಕೆಳಹಾಸು, ಅದೂ ಸವೆದರೆ ಒಲೆಯ ಮುಂದಿನ ಮಸಿಬಟ್ಟೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ “ಕೌದಿ ಹೊಲಿಸ್ತೀರೇನ್ರವ್ವಾ” ಎಂದು ಓಣಿಯಲ್ಲಿ ಕೂಗುತ್ತ ಬರುವ ಹೆಂಗಸರೂ ಇದ್ದರು. ಆದರೆ ಕೂಸಿನ ಕೌದಿಯನ್ನು ಮಾತ್ರ ಮನೆಯವರೇ ಹೊಲಿಯುತ್ತಿದ್ದರು.

ಹಳೆಯ ಹತ್ತಿಯೇ ಏಕೆ ಎಂಬುದಕ್ಕೆ ಕಾರಣಗಳಿವೆ. ನೂರಾರು ಸಲ ಒಗೆದ ಸೀರೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡಬೇಕಾದ ಬಣ್ಣವನ್ನೆಲ್ಲ ಬಿಟ್ಟಿರುತ್ತದೆ, ನೂಲು ಮೆತ್ತಗಾಗಿರುತ್ತದೆ. ಹೊಸ ಬಟ್ಟೆಯನ್ನೂ ಹಳೆಯದನ್ನೂ ಬೆರೆಸಿದರೆ ಮೊದಲ ಒಗೆತಕ್ಕೇ ಒಂದು ಕುಗ್ಗಿ ಇನ್ನೊಂದು ಸುಕ್ಕುಗಟ್ಟುತ್ತದೆ, ಆದ್ದರಿಂದ ಹೊಸದನ್ನು ಬಳಸಲೇಬೇಕಾದರೆ ಎರಡು ಸಲ ನೀರಿಗೆ ಹಾಕಿ ಒಣಗಿಸಿಕೊಳ್ಳಬೇಕು. ಬಣ್ಣ ನಿಲ್ಲುತ್ತದೆಯೇ ಎಂದು ತಿಳಿಯಲು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಉಜ್ಜಿ ನೋಡಿದರೆ ಸಾಕು. ಸಿಂಥೆಟಿಕ್ ಸೀರೆ ಬೇಡವೇ ಬೇಡ, ಅದು ಬೆವರು ಹೀರುವುದಿಲ್ಲ. ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಲ್ಲಿ ಸವೆದು ತೆಳುವಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸಾಮಾನ್ಯವಾಗಿ ಸೊಂಟಕ್ಕೆ ಸಿಕ್ಕಿಸುವ ಕಡೆ ಮತ್ತು ಹಿಮ್ಮಡಿಗೆ ತಾಗುವ ಕೆಳಗಿನ ಅಂಚು ಮೊದಲು ಹೋಗುತ್ತವೆ, ಸೆರಗು ಗಟ್ಟಿಯಾಗಿ ಉಳಿದಿರುತ್ತದೆ. ದೊಡ್ಡವ್ವ ಹೀಗೆ ಒಂದೊಂದೇ ಸೀರೆ ಹಿಡಿದು ನೋಡುತ್ತ ಅವು ಯಾರ ಸೀರೆಗಳು, ಯಾವ ವರ್ಷದ ದುಗ್ಗಮ್ಮನ ಜಾತ್ರೆಗೆ ತಂದವು ಎಂದು ನನ್ನ ಮಗಳಿಗೆ ಹೇಳುತ್ತಿದ್ದರು. ಅಜ್ಜಿಯ ಹದಿನೆಂಟು ಮೊಳದ ಸೀರೆಯನ್ನು ಬಿಚ್ಚಿ ಹಾಸಿದಾಗ ಅದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿತು. ನನ್ನ ಮಗಳು ಅದರ ಮೇಲೆ ಹೆಜ್ಜೆ ಹಾಕಿ ಅಳೆದು ನೋಡಿದಳು.

ಮನೆಯಲ್ಲಿ ಮಾಡಲು ಬಯಸುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಐದೂವರೆ ಮೀಟರ್ ಉದ್ದದ ಸಾಧಾರಣ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿದರೆ ಸುಮಾರು ಒಂದೂಕಾಲು ಮೀಟರಿಗಿಂತ ತುಸು ಹೆಚ್ಚು ಉದ್ದದ, ಒಂದು ಮೀಟರಿಗಿಂತ ತುಸು ಹೆಚ್ಚು ಅಗಲದ, ನಾಲ್ಕು ಪದರದ ಕೂಸಿನ ಕೌದಿಗೆ ಅಷ್ಟೇ ಸಾಕಾಗುತ್ತದೆ. ಮೇಲೆ ಬಣ್ಣದ ಚೌಕಗಳನ್ನು ಜೋಡಿಸಿ, ನಾಲ್ಕೂ ಪದರ ಜರುಗದಂತೆ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳಬೇಕು. ಆಮೇಲೆ ಸೂಜಿಯನ್ನು ಮೇಲೆ ಕೆಳಗೆ ಆಡಿಸುತ್ತ ಹಾಕುವ ಸಾದಾ ಹೊಲಿಗೆಯಲ್ಲಿ ಅಂಚಿನಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬರಬೇಕು. ಸಾಲುಗಳ ನಡುವೆ ಒಂದು ಸೆಂಟಿಮೀಟರ್ ಬಿಟ್ಟರೆ ಇಡೀ ಕೌದಿಗೆ ನೂರೈವತ್ತು ಮೀಟರಿಗಿಂತ ಹೆಚ್ಚು ಉದ್ದದ ಹೊಲಿಗೆ ಬೀಳುತ್ತದೆ. ಎರಡೂವರೆ ಸೆಂಟಿಮೀಟರ್ ಬಿಟ್ಟರೆ ಅರವತ್ತು ಮೀಟರ್ ಚಿಲ್ಲರೆ ಸಾಕು. ಹೊಸಬರು ಅಗಲ ಸಾಲಿನಿಂದಲೇ ಆರಂಭಿಸಲಿ. ಹತ್ತಿರ ಹತ್ತಿರ ಹೊಲಿದಷ್ಟೂ ಕೌದಿ ಬಾಳಿಕೆ ಬರುತ್ತದೆ ಎಂಬುದು ನಿಜ, ಆದರೆ ಅರ್ಧಕ್ಕೆ ಬಿಟ್ಟ ಕೌದಿಯಿಂದ ಯಾವ ಕೂಸಿಗೂ ಉಪಯೋಗವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ವರ್ಷ ತುಂಬದ ಕೂಸು ಮಲಗುವ ತೊಟ್ಟಿಲಿನಲ್ಲಿ ಸಡಿಲವಾದ ಹೊದಿಕೆ, ದಿಂಬು ಇರಬಾರದೆಂದು ಇಲ್ಲಿಯ ಮಕ್ಕಳ ವೈದ್ಯರು ಹೇಳುತ್ತಾರೆ, ಉಸಿರು ಕಟ್ಟುವ ಅಪಾಯವಿರುವುದರಿಂದ ಅದನ್ನು ಪಾಲಿಸಲೇಬೇಕು. ಕೌದಿಯನ್ನು ಆ ಒಂದು ವರ್ಷ ನೆಲಕ್ಕೆ ಹಾಸಿ, ಎಚ್ಚರವಿರುವ ಕೂಸನ್ನು ಅದರ ಮೇಲೆ ಬೋರಲು ಹಾಕಿ ಆಡಿಸಿ. ಕುಂಚಿಗೆಯನ್ನೂ ಮಲಗಿಸುವ ಮುನ್ನ ತೆಗೆದಿಡಿ, ಅದರ ಲಾಡಿ ಉದ್ದವಾಗಿರದಂತೆ ನೋಡಿಕೊಳ್ಳಿ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಮೇಲೆ ಕಾಣುವ ಕನ್ನಡಿ, ಕವಡೆಗಳ ಕಸೂತಿಗೆ ಮನಸೋಲದವರಿಲ್ಲ. ಆದರೂ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಕನ್ನಡಿ, ಮಣಿ, ಗೆಜ್ಜೆ ಯಾವುದೂ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ಕೆಲಸವನ್ನು ಗೋಡೆಗೆ ತೂಗುಹಾಕುವ ತೋರಣಕ್ಕೋ ದೊಡ್ಡ ಮಗಳ ಚೀಲಕ್ಕೋ ಉಳಿಸಿಕೊಳ್ಳಿ.

ಎಲ್ಲವನ್ನೂ ನಾವೇ ಮಾಡಬೇಕೆಂದೇನೂ ಇಲ್ಲ. ಚಳ್ಳಕೆರೆಯ ಕರಿ ಕಂಬಳಿಯನ್ನು ನೇಯುವುದು ನಮ್ಮಿಂದಾಗದ ಕೆಲಸ. ಕುರಿಯ ಉಣ್ಣೆ ನೂತು, ಮಗ್ಗದ ಹಾಸಿನ ಎಳೆಗಳಿಗೆ ಹುಣಸೆ ಬೀಜದ ಗಂಜಿ ಕೊಟ್ಟು, ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಹೊಸತರಲ್ಲಿ ಒರಟಾಗಿರುತ್ತದೆ, ಗಂಜಿ ಬಿಟ್ಟಂತೆ ಮೃದುವಾಗುತ್ತದೆ. ಅಂತಹದನ್ನು ನೇಕಾರರಿಂದಲೇ ಕೊಂಡು, ಮೂಲೆಯಲ್ಲಿ ಕೊಡುವವರ ಕೈಯಿಂದ ಕೆಂಪು ದಾರದಲ್ಲಿ ಎರಡು ಅಕ್ಷರ ಹೊಲಿದು ಕೊಟ್ಟರೆ ಅದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ತೋಚುತ್ತಿಲ್ಲ.

ಅಕ್ಷರದ ವಿಷಯಕ್ಕೆ ಬರುತ್ತೇನೆ. ಕೌದಿಯ ನಡುವಿನ ಚೌಕದಲ್ಲಿ ಹೆಸರು ಹೊಲಿಯುವ ಕೆಲಸವನ್ನು ನನ್ನ ಮಗಳು ಕೇಳಿ ಪಡೆದಳು. ಅವಳು ನಮ್ಮ ಭಾನುವಾರದ ಕನ್ನಡ ತರಗತಿಗೆ ಮೂರು ವರ್ಷದಿಂದ ಬರುತ್ತಿದ್ದಾಳೆ. ಓದುತ್ತಾಳೆ, ಆದರೆ ಒತ್ತಕ್ಷರ ಬಂದಾಗ ಕಣ್ಣು ಜಾರಿಸಿ ಮುಂದೆ ಹೋಗುವ ಅಭ್ಯಾಸವಿತ್ತು. ದೊಡ್ಡವ್ವ ಸೀಮೆಸುಣ್ಣದಲ್ಲಿ ಹೆಸರು ಬರೆದುಕೊಟ್ಟು, ಸರಪಳಿ ಹೊಲಿಗೆ ತೋರಿಸಿದರು. ಕನ್ನಡದ ಅಕ್ಷರಗಳು ಗುಂಡಗಿರುವುದರಿಂದ ಈ ಹೊಲಿಗೆ ಅವುಗಳಿಗೆ ಹೇಳಿ ಮಾಡಿಸಿದಂತಿದೆ. ಒಂದು ಕುಣಿಕೆಯ ಬಾಯಿಂದ ಇನ್ನೊಂದು ಕುಣಿಕೆ ಹೊರಡುತ್ತ, ತಿರುವಿನಲ್ಲಿ ಎಲ್ಲಿಯೂ ಮುರಿಯದೆ, ಅಕ್ಷರದ ಜೊತೆಗೇ ಬಳುಕುತ್ತದೆ. ನೇರ ಗೆರೆಗಳಲ್ಲಿ ಹೊಲಿಗೆ ಉದ್ದವಾದರೂ ನಡೆದೀತು, ಸುತ್ತು ಬರುವಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಿರಬೇಕು. ಒತ್ತಕ್ಷರಕ್ಕೆಂದು ಅಕ್ಷರದ ಕೆಳಗೆ ಅದರ ಅರ್ಧದಷ್ಟು ಜಾಗ ಮೊದಲೇ ಬಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅದು ಚೌಕದ ಅಂಚಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ‘ಜ್ಞ’ ಒಂದಕ್ಕೇ ಅವಳಿಗೆ ಎರಡು ಮಧ್ಯಾಹ್ನ ಹಿಡಿಯಿತು. ಜಕಾರವನ್ನು ಮುಗಿಸಿ, ದಾರವನ್ನು ಹಿಂದಕ್ಕೆ ಎಳೆದು, ಕೆಳಗೆ ಬೇರೆಯಾಗಿ ಸೂಜಿ ಎತ್ತಿ ಞಕಾರದ ಒತ್ತನ್ನು ಹೊಲಿಯುವಾಗ ಅವಳು ಬಾಯಲ್ಲಿ ಆ ಅಕ್ಷರವನ್ನು ಹೇಳಿಕೊಳ್ಳುತ್ತಿದ್ದಳು. ಎರಡು ಸಲ ಬಿಚ್ಚಿದಳು. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ.

ಮಕ್ಕಳು ಕೊಡುವ ಉಡುಗೊರೆಯ ಬಗ್ಗೆ ನಾವು ಕಡಿಮೆ ಯೋಚಿಸುತ್ತೇವೆ. ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ನಾವೆಲ್ಲ ಎರೆಮಣ್ಣು ಕಲಸಿ ಜೋಡೆತ್ತು ಮಾಡುತ್ತಿದ್ದೆವು, ಮನೆಯವರೆಲ್ಲ ಅವುಗಳಿಗೆ ಪೂಜೆ ಮಾಡುತ್ತಿದ್ದರು. ಆರು ವರ್ಷದ ಹುಡುಗನ ಕೈಯಲ್ಲಿ ಆದ ವಸ್ತುವಿಗೆ ಹಿರಿಯರು ಕೈಮುಗಿಯುವ ಹಬ್ಬ ಅದು. ಇಲ್ಲಿ ಎರೆಮಣ್ಣು ಸಿಗದಿದ್ದರೆ ಕುಂಬಾರಿಕೆಯ ಜೇಡಿಮಣ್ಣು ಸಿಗುತ್ತದೆ. ಕಣ್ಣಿಗೆ ಕೆಲವರು ಗುಲಗಂಜಿ ಒತ್ತುತ್ತಾರೆ, ಅದು ವಿಷಬೀಜ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಮಣ್ಣಿನಿಂದಲೇ ಕಣ್ಣು ಮಾಡಿಸಿ. ಊರಿಗೆ ಹೋಗುವಾಗ ಅಜ್ಜ ಅಜ್ಜಿಗೆ ಚಾಕೊಲೇಟ್ ಡಬ್ಬಿಯ ಜೊತೆಗೆ ಇಂತಹದೊಂದು ಎತ್ತೂ ಪೆಟ್ಟಿಗೆಯಲ್ಲಿರಲಿ.

ಕೌದಿ ನಾವು ಹೊರಡುವ ದಿನದವರೆಗೂ ಮುಗಿಯಲಿಲ್ಲ. ನಡುವಿನ ಚೌಕದ ಸುತ್ತ ಆರು ಸಾಲು ಉಳಿದಿತ್ತು. ದೊಡ್ಡವ್ವ ಅದನ್ನು ತಂಗಿಯ ಮಡಿಲಿಗೆ ಹಾಕಿ, ಸೂಜಿಯನ್ನು ಅದರಲ್ಲೇ ಚುಚ್ಚಿಟ್ಟು, ಉಳಿದದ್ದು ಅವ್ವನಾದವಳು ಹೊಲಿಯಲಿ ಎಂದರು. ಮೊನ್ನೆ ತಂಗಿ ಚಿತ್ರ ಕಳುಹಿಸಿದ್ದಾಳೆ. ಕೂಸು ಕೌದಿಯ ಮೇಲೆ ಕೂತು, ಹೆಸರಿನ ಮೇಲೆ ಬೆರಳಾಡಿಸುತ್ತಿದೆ. ಎರಡು ಸಾಲು ಇನ್ನೂ ಬಾಕಿ ಇವೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಕನ್ನಡ ತರಗತಿ ಮುಗಿದ ಮೇಲೆ, ಅದೇ ಕೋಣೆಯಲ್ಲಿ ಕೌದಿಗೆ ಕೂರೋಣ ಎಂದುಕೊಂಡಿದ್ದೇವೆ. ದೊಡ್ಡವ್ವ ಊರಿನಿಂದಲೇ ಫೋನಿನಲ್ಲಿ ನೋಡುತ್ತ ಹೇಳಿಕೊಡಲು ಒಪ್ಪಿದ್ದಾರೆ. ಸೂಜಿ, ದಾರ, ಸೀಮೆಸುಣ್ಣ ಅಲ್ಲಿರುತ್ತವೆ. ಒಗೆದು ಒಣಗಿಸಿದ ಒಂದು ಹಳೆಯ ಹತ್ತಿ ಸೀರೆಯನ್ನೂ ಮಕ್ಕಳನ್ನೂ ಕರೆತನ್ನಿ. ಆ ಸೀರೆ ಯಾರದೆಂಬುದನ್ನು ಅಂದು ಕೇಳುತ್ತೇವೆ.