‘ಕೆಟ್ಟ ಕೊಲೆಸ್ಟ್ರಾಲ್’ ಎಲ್‌ಡಿಎಲ್ ಒಂದನ್ನೇ ನೋಡಿದರೆ ಸಾಲದು

ಮಾನ್ಯರೇ,

ಕೊಡಗಿನಲ್ಲಿ ಕೊಲೆಸ್ಟ್ರಾಲ್ ಮಾತು ಬಂದರೆ ಬೈಸಿಕೊಳ್ಳುವುದು ಪಂದಿ ಕರಿ (ಹಂದಿ ಮಾಂಸದ ಸಾರು). ಪಕ್ಕದ ಕಡಂಬುಟ್ಟು (ಅಕ್ಕಿ ಉಂಡೆ), ಸಕ್ಕರೆ ಸುರಿದ ಕಾಫಿಯನ್ನು ಯಾರೂ ಕೇಳುವುದಿಲ್ಲ! ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿದ್ದಾಗ ಲಿವರ್ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಜಾಸ್ತಿ ರಕ್ತಕ್ಕೆ ಬಿಡುತ್ತದೆ. ಆಗ ಎಲ್‌ಡಿಎಲ್ ಕಣಗಳು ಚಿಕ್ಕದಾಗಿ ದಟ್ಟವಾಗುತ್ತವೆ, ‘ಒಳ್ಳೆ ಕೊಲೆಸ್ಟ್ರಾಲ್’ ಎಚ್‌ಡಿಎಲ್ ಇಳಿಯುತ್ತದೆ. ಹೃದಯಕ್ಕೆ ಅಪಾಯವಿದ್ದರೂ ರಿಪೋರ್ಟಿನಲ್ಲಿ ಎಲ್‌ಡಿಎಲ್ ನಾರ್ಮಲ್ ಎಂದೇ ಇರಬಹುದು. ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಇದು ಶುರುವಾಗಿರುತ್ತದೆ.

ಕಣದ ಗಾತ್ರ ಅಳೆಯುವ ದುಬಾರಿ ಟೆಸ್ಟ್ ಎಲ್ಲರಿಗೂ ಬೇಕಿಲ್ಲ. ಟ್ರೈಗ್ಲಿಸರೈಡ್ 150 (mg/dL) ದಾಟಿ, ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಈ ತೊಂದರೆಯ ಅನುಮಾನ ಪಡಲು ಅಷ್ಟು ಸಾಕು, ಅಲ್ವಾ? ತೋಟದ ಕಾರ್ಮಿಕರ ಲೈನ್‌ಮನೆಗಳ ಆರೋಗ್ಯ ಶಿಬಿರಗಳಲ್ಲಿ ಸುಮ್ನೆ ಬೆರಳು ಚುಚ್ಚಿ ಶುಗರ್ ನೋಡಿ ಕಳಿಸುವ ಬದಲು ಲಿಪಿಡ್ ಪ್ರೊಫೈಲನ್ನೂ (ರಕ್ತದ ಕೊಬ್ಬಿನ ಟೆಸ್ಟ್) ಮಾಡಿಸಿ, ಹೊಟ್ಟೆಯ ಬೊಜ್ಜು ತಿಳಿಯಲು ಸೊಂಟಕ್ಕೊಂದು ಟೇಪ್ ಹಿಡಿಯಲಿ.

– ಒಬ್ಬ ಓದುಗ, ಸೋಮವಾರಪೇಟೆ