ರೋಗಿಯ ಫೈಲ್ ರೋಗಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಈಗ ಎಷ್ಟೋ ಸರ್ಕಾರಿ ಆಸ್ಪತ್ರೆಗಳ ಚೀಟಿ ಕೌಂಟರ್‌ನಲ್ಲಿ ಆಧಾರ್, ಮೊಬೈಲ್ ಎರಡನ್ನೂ ಕೇಳುತ್ತಾರೆ. ‘ಒಟಿಪಿ ಬಂತಾ? ಹೇಳಿ’ ಅನ್ನುತ್ತಾರೆ. ಹೇಳಿದರೆ ನಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತು, 14 ಅಂಕಿಯ ಆಭಾ ನಂಬರ್ ರೆಡಿ. ಅದು ಕಡ್ಡಾಯವಲ್ಲ, ಅದರ ಮೂಲಕ ದಾಖಲೆ ನೋಡಲು ನಮ್ಮ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಇದನ್ನು ಸಾಲಿನಲ್ಲಿ ನಿಂತವರಿಗೆ ಯಾರು ಹೇಳುತ್ತಾರೆ?

ನಮ್ಮಿಂದ ಮಾಹಿತಿ ಪಡೆಯಲು ಇಷ್ಟು ಅವಸರ. ನಾವೇ ಕೇಳಿದರೆ ಮಾತ್ರ ‘ನಾಳೆ ಬನ್ನಿ’. ಖಾಸಗಿ ಆಸ್ಪತ್ರೆಯೊಂದರಲ್ಲಿ ನನ್ನ ತಮ್ಮನಿಗೆ ಆಪರೇಷನ್ ಆಗಬೇಕು ಅಂದರು. ಇನ್ನೊಬ್ಬ ಡಾಕ್ಟರಿಗೂ ತೋರಿಸೋಣ ಅಂತ ಅಲ್ಲಿ ಕೇಸ್ ಶೀಟ್ (ಚಿಕಿತ್ಸೆಯ ವಿವರ ಬರೆದ ಫೈಲ್) ಕಾಪಿ ಕೇಳಿದೆವು. ಫೈಲ್ ಎಂಆರ್‌ಡಿಗೆ (ದಾಖಲೆ ವಿಭಾಗಕ್ಕೆ) ಹೋಗಿದೆ, ಸಾಹೇಬ್ರ ಸಹಿ ಬೇಕು, ಯಾಕೆ ಬೇಕು ಅಂತ ಅರ್ಜಿಯಲ್ಲಿ ಬರೆಯಿರಿ ಅಂದರು. ತಮಾಷೆ ಅಂದರೆ, ಅದೇ ಫೈಲು ಇನ್ಶೂರೆನ್ಸ್ ಡೆಸ್ಕ್‌ನಿಂದ ಡಿಸ್ಚಾರ್ಜ್ ದಿನವೇ ಕಂಪನಿಗೆ ಹೋಗಿತ್ತು! ದುಡ್ಡು ಕೊಡುವವರಿಗೆ ಸಿಕ್ಕಿದ್ದು, ಹೊಟ್ಟೆ ಕೊಯ್ಸಿಕೊಳ್ಳಬೇಕಾದವನಿಗೆ ಸಿಗಲಿಲ್ಲ.

ನಿಯಮ ಇಲ್ಲ ಅಂತಲ್ಲ. ವೈದ್ಯರ ನಡತೆ ಬಗ್ಗೆ ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಗಳ ಪ್ರಕಾರ, ರೋಗಿ ಅಥವಾ ಅವರು ಒಪ್ಪಿದ ಮನೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಅದು ದುರ್ನಡತೆ. ಕಾರಣ ಹೇಳಿ ಅಂತ ಅಲ್ಲಿ ಎಲ್ಲೂ ಇಲ್ಲ. ಅಂದಹಾಗೆ, ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು ಅಂತಿದೆ. ಆದ್ದರಿಂದ ಬೇಕಿದ್ದವರು ತಡಮಾಡಬೇಡಿ.

ಫೈಲ್ ಕೇಳಿದರೆ ಕೋರ್ಟಿಗೆ ಹೋಗ್ತಾರೆ ಅನ್ನೋ ಭಯ ಡಾಕ್ಟರುಗಳಿಗೆ ಇದ್ದೀತು. ಒಪ್ಪುತ್ತೇನೆ. ಆದರೆ ಹೆಚ್ಚಿನವರು ಕೇಳುವುದು ಜಗಳಕ್ಕಲ್ಲ. ಅದೇ ಸ್ಕ್ಯಾನು, ಅದೇ ರಕ್ತಪರೀಕ್ಷೆ ಮತ್ತೆ ಮಾಡಿಸೋದು ತಪ್ಪಲಿ ಅಂತ. ನಿರ್ಧಾರ ಮಾಡುವ ಮೊದಲು ವಿಷಯ ತಿಳಿಯಲಿ ಅಂತ.

ಚಿಕಿತ್ಸೆಗೆ ಒಪ್ಪಿಗೆ ಅಂತ ಹಾಕಿಸುವ ಸಹಿ ವಿಷಯವೂ ಇದೇ. ಸಮೀರಾ ಕೊಹ್ಲಿ ಎಂಬ ರೋಗಿಯ ಪ್ರಕರಣದಲ್ಲಿ ಆಕೆ ಒಪ್ಪಿದ್ದು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುವ) ಪರೀಕ್ಷೆಗೆ. ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ಜೀವಕ್ಕೆ ತುರ್ತು ಅಪಾಯ ಇಲ್ಲದಿರುವಾಗ ಆ ಒಪ್ಪಿಗೆ ನಡೆಯೋದಿಲ್ಲ ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಿದ್ದೂ ನಮ್ಮ ಕೈಗೆ ಬರೋದು ಇಂಗ್ಲಿಷ್ ಫಾರಂ, ಪೆನ್ನು, ‘ಇಲ್ಲಿ, ಇಲ್ಲಿ, ಇಲ್ಲಿ ಸಹಿ ಹಾಕಿ’ ಅನ್ನುವ ಮಾತು. ಕನ್ನಡ ಮಾತ್ರ ಓದಬಲ್ಲ ಅಜ್ಜಿ ಯಾವುದಕ್ಕೆ ಒಪ್ಪಿದರು ಅಂತ ಅವರಿಗೇ ಗೊತ್ತಿರೋದಿಲ್ಲ.

ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ರೋಗಿಗಳ ಸನ್ನದು, ಅಂದರೆ ಹಕ್ಕು-ಹೊಣೆಗಳ ಪಟ್ಟಿ, ಇದೆ. ದೂರು ಕೇಳಲು ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವೂ ಇದೆ. ಆರೋಗ್ಯ ಇಲಾಖೆ ಮೂರು ಕೆಲಸ ಮಾಡಲಿ. ಬಿಲ್ ಕೌಂಟರ್ ಪಕ್ಕದಲ್ಲೇ 72 ಗಂಟೆಯ ನಿಯಮವನ್ನು, ದೂರು ಕೊಡುವ ವಿಳಾಸವನ್ನು ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿಸಲಿ. ಒಪ್ಪಿಗೆ ಫಾರಂ ಕನ್ನಡದಲ್ಲೂ ಇರಲಿ. ಡಿಸ್ಚಾರ್ಜ್ ಆಗುವಾಗ ಕೇಸ್ ಶೀಟ್ ಕಾಪಿ ಬೇಕಾ ಅಂತ ಆಸ್ಪತ್ರೆಯವರೇ ಕೇಳಲಿ. ಜೆರಾಕ್ಸ್ ದುಡ್ಡು ನಾವು ಕೊಡುತ್ತೇವೆ.

— ಓದುಗ, ತಿಪಟೂರು