ಹೊಸ ಹುಲ್ಲುಹಾಸಿಗೆ ನೀರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಮನೆಯ ಮುಂದೆ ಮೆಕ್ಸಿಕನ್ ಹುಲ್ಲಿನ ಹಾಸು ಹಾಕಿಸಿದ ಸುದ್ದಿ ಕೇಳಿ ಸಂತೋಷವಾಯಿತು. ಬೆಂಗಳೂರಿನ ಮಾರ್ಚ್ ಬಿಸಿಲು ಇದಕ್ಕೆ ಅನುಕೂಲವಾದ ಕಾಲವಲ್ಲ; ಮುಂಗಾರು ಹಿಡಿದ ಮೇಲಾಗಿದ್ದರೆ ಅರ್ಧ ಕೆಲಸವನ್ನು ಮಳೆಯೇ ಮಾಡುತ್ತಿತ್ತು. ಆದ್ದರಿಂದ ಮೊದಲ ಹದಿನೈದು ದಿನ ನೀರಿನ ಕಡೆ ನಿನ್ನ ಪೂರ್ಣ ಗಮನವಿರಲಿ.

ನರ್ಸರಿಯಲ್ಲಿ ಹಾಸನ್ನು ಕತ್ತರಿಸಿ ಎಬ್ಬಿಸುವಾಗ ಬೇರಿನ ಬಹುಭಾಗ ಅಲ್ಲಿಯೇ ಉಳಿಯುತ್ತದೆ. ತೆಳುವಾದ ಮಣ್ಣಿನೊಂದಿಗೆ ಬಂದ ತುಂಡು ಬೇರುಗಳು ನಿನ್ನ ನೆಲಕ್ಕೆ ಇಳಿಯುವವರೆಗೆ ಆ ಮಣ್ಣು ಒಂದು ಮಧ್ಯಾಹ್ನವೂ ಒಣಗಬಾರದು. ಬೆಳಿಗ್ಗೆ ಬಿಸಿಲೇರುವ ಮುನ್ನ ಒಮ್ಮೆ ಚೆನ್ನಾಗಿ ನೆನೆಸು. ಮಧ್ಯಾಹ್ನ ಮತ್ತೊಮ್ಮೆ ಹಗುರವಾಗಿ ಚಿಮುಕಿಸು. ಕತ್ತಲಾದ ಮೇಲೆ ಬೇಡ, ಏಕೆಂದರೆ ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಶಿಲೀಂಧ್ರ ಬೇಗ ತಗಲುತ್ತದೆ. ಮೇಲೆ ಹಸಿಯಾಗಿ ಕಂಡ ಮಾತ್ರಕ್ಕೆ ನಂಬಬೇಡ. ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ಅಡಿಯ ಮಣ್ಣನ್ನು ಮುಟ್ಟಿ ನೋಡು. ಅದು ಬೆರಳಿಗೆ ತಣ್ಣಗೆ ಅಂಟಿದರೆ ಸಾಕು, ಪುಡಿಯಾಗಿ ಉದುರಿದರೆ ನೀರು ಕೆಳಗಿಳಿದಿಲ್ಲ, ಕೆಸರಾಗಿದ್ದರೆ ಹೆಚ್ಚಾಗಿದೆ. ಕಾಂಪೌಂಡಿನ ಬುಡ ಮತ್ತು ಸಿಮೆಂಟು ದಾರಿಯ ಅಂಚು ಎಲ್ಲಕ್ಕಿಂತ ಮೊದಲು ಒಣಗುವುದರಿಂದ ಅಲ್ಲಿ ಪೈಪನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿ.

2024ರ ಮಾರ್ಚ್‌ನಲ್ಲಿ ನೀರಿಗೆ ತತ್ವಾರವಾದಾಗ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿದ್ದು ನಿನಗೆ ನೆನಪಿರಬಹುದು. ಆದೇಶವಿರಲಿ, ಇಲ್ಲದಿರಲಿ, ಕಾವೇರಿ ನೀರನ್ನು ಹುಲ್ಲಿಗೆ ಸುರಿಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಸಂಸ್ಕರಿಸಿದ ಕೊಳಚೆ ನೀರನ್ನು ಟ್ಯಾಂಕರಿನಲ್ಲಿ ತರಿಸಿಕೊಳ್ಳುವುದು ಒಳ್ಳೆಯದು.

ಎರಡು ಮೂರು ವಾರಗಳ ನಂತರ ಹಾಸನ್ನು ಎಳೆದಾಗ ಅದು ಮೇಲೇಳದೆ ಬಿಗಿಯಾಗಿ ನಿಂತರೆ ಬೇರು ಇಳಿದಿದೆ ಎಂದು ತಿಳಿ. ಅಲ್ಲಿಂದ ಮುಂದೆ ದಿನವೂ ಚಿಮುಕಿಸುವುದನ್ನು ಬಿಡಬೇಕು; ಮೇಲ್ಮಣ್ಣಿನಲ್ಲೇ ನಿತ್ಯ ನೀರು ಸಿಕ್ಕರೆ ಬೇರು ಆಳಕ್ಕೆ ಹೋಗುವುದಿಲ್ಲ. ಮೊದಲು ದಿನ ಬಿಟ್ಟು ದಿನ, ಬಳಿಕ ವಾರಕ್ಕೆ ಎರಡು ಸಲ, ಆದರೆ ಪ್ರತಿ ಸಲವೂ ಆಳಕ್ಕೆ ಇಳಿಯುವಷ್ಟು ಕೊಡು. ಒಂದು ಚದರ ಮೀಟರಿಗೆ ವಾರಕ್ಕೆ ಸುಮಾರು 25 ಲೀಟರ್, ಅಂದರೆ ಒಂದು ಅಂಗುಲದ ಮಳೆಯಷ್ಟು ಸಾಕಾಗುತ್ತದೆ. ಅಶ್ವಿನಿ, ಭರಣಿ ಮಳೆಗಳು ಬಂದ ವಾರ ಅದನ್ನು ಲೆಕ್ಕದಲ್ಲಿ ಕಳೆ.

ಬೇರು ಹಿಡಿಯುವವರೆಗೆ ಮಕ್ಕಳನ್ನು ಅದರ ಮೇಲೆ ಆಡಲು ಬಿಡಬೇಡ. ಜೇಕು ಎಂಬ ಕಳೆಹುಲ್ಲು ಕಂಡರೆ ಗಡ್ಡೆಸಮೇತ ಕೀಳು. ಮೊದಲ ಕತ್ತರಿಕೆಗೆ ಒಂದು ದಿನ ಮೊದಲೇ ನೀರು ನಿಲ್ಲಿಸಿ, ಹರಿತವಾದ ಅಲಗಿನಿಂದ ಎತ್ತರದ ಮೂರನೆಯ ಒಂದು ಭಾಗವನ್ನು ಮಾತ್ರ ತೆಗೆಸು.

ಇಂತಿ,
ನಿನ್ನ ಅಪ್ಪ